ಜಾಲತಾಣದ ಬೀಗದ ಕೈ

ನಮ್ಮ ಹಿರಿಯರು ಕಾಗದ ಬರೆಯುವಾಗ 'ಯೋಗಕ್ಷೇಮ' ಎಂಬ ಪದವನ್ನು ತಪ್ಪದೆ ಉಪಯೋಗಿಸುತ್ತಿದ್ದರು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೊದಲನೆಯದರಲ್ಲಿ ನಮಗಿರುವ ಉತ್ಸಾಹವು ಎರಡನೆಯದರಲ್ಲಿ ಇರುವುದಿಲ್ಲ. ಈ ಸಲ ವ್ಯಾಪಾರಸ್ಥರಾದ ಗೃಹಸ್ಥರೊಡನೆ ಇದೇ ವಿಷಯವಾಗಿ ಎರಡು ಮಾತು ಆಡಬೇಕಾಗಿದೆ.

ಕೊಟ್ಟೂರಿನಲ್ಲಿ ಕಂಬಳಿಯ ವ್ಯಾಪಾರ ಮಾಡುವ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಅಂಗಡಿಗೆ ಒಂದು ಜಾಲತಾಣವನ್ನು ಮಾಡಿಸಿದನು. ಮಾಡಿಕೊಟ್ಟ ತರುಣನು ತಾಣದ ಹೆಸರನ್ನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿ, ಕೆಲವು ಕಾಲದ ಮೇಲೆ ಬೇರೆ ಉದ್ಯೋಗಕ್ಕಾಗಿ ಊರು ಬಿಟ್ಟನು. ನವೀಕರಣದ ಸೂಚನೆಗಳು ಅವನಿಗೆ ಹೋದುವೇ ಹೊರತು ಅಂಗಡಿಗೆ ಬರಲಿಲ್ಲ. ಅವಧಿ ತೀರಿತು, ಆ ಹೆಸರನ್ನು ಮತ್ತಾರೋ ಕೊಂಡರು. ಚೀಲಗಳ ಮೇಲೆ ಅಚ್ಚುಹಾಕಿಸಿದ್ದ ವಿಳಾಸವು ವ್ಯರ್ಥವಾಯಿತು. ಅಂಗಡಿ ಮುಚ್ಚಿತೆಂದು ಪರಸ್ಥಳದ ಗಿರಾಕಿಗಳು ಭಾವಿಸಿದರು. "ಮೇಷ್ಟ್ರೇ, ಅಂಗಡಿ ನನ್ನದು, ಬೋರ್ಡು ಮಾತ್ರ ಇನ್ನೊಬ್ಬರದಾಗಿತ್ತು" ಎಂದು ಅವನು ಹೇಳಿದಾಗ ನಾನು ತಲೆ ತಗ್ಗಿಸಿದೆನು. ಆ ತರುಣನನ್ನು ಗೊತ್ತುಮಾಡಿಕೊಟ್ಟವನು ನಾನೇ. ಮೂವತ್ತು ವರ್ಷ ಷಷ್ಠೀ ವಿಭಕ್ತಿಯನ್ನು ಬೋಧಿಸಿದವನು 'ಯಾರ ಹೆಸರಿನಲ್ಲಿ?' ಎಂದು ಕೇಳುವುದನ್ನೇ ಮರೆತಿದ್ದೆನು.

ಆದುದರಿಂದ ಮೊದಲನೆಯ ಮಾತು: ತಾಣದ ಹೆಸರು ಮಾಲಿಕನ ಹೆಸರಿನಲ್ಲಿ, ಅವನದೇ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯೊಡನೆ ನೋಂದಣಿಯಾಗಿರತಕ್ಕದ್ದು. ಅದು ಕ್ರಯಕ್ಕೆ ಕೊಂಡ ಹೊಲದಂತಲ್ಲ. ಗುತ್ತಿಗೆಯಂತೆ ಸಾಮಾನ್ಯವಾಗಿ ೧ ವರ್ಷದಿಂದ ೧೦ ವರ್ಷಗಳವರೆಗೆ ದೊರೆಯುವುದು. ಅವಧಿ ತೀರುವ ದಿನವನ್ನು ಕಿರ್ದಿಯ ಮೊದಲ ಪುಟದಲ್ಲಿ ಬರೆದಿಡಿರಿ. ಕೆಲಸಗಾರನಿಗೆ ನಿಮ್ಮ ಪಾಸ್‌ವರ್ಡನ್ನು ಕೊಡಬೇಡಿರಿ. ವರ್ಡ್‌ಪ್ರೆಸ್ ಮೊದಲಾದ ಸಾಧನಗಳಲ್ಲಿ ಅವನಿಗೆ ಪ್ರತ್ಯೇಕ ಪ್ರವೇಶವನ್ನು ಕೊಟ್ಟು, ಕೆಲಸ ಮುಗಿದೊಡನೆ ತೆಗೆದುಹಾಕಬಹುದು.

ಎರಡನೆಯದು: ಬರಹವು ಕಾಲಕ್ಕೆ ತಕ್ಕಂತಿರಬೇಕು. ಹರಪನಹಳ್ಳಿಯನ್ನೇ ನೋಡಿರಿ. ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ನೂತನ ವಿಜಯನಗರ ಜಿಲ್ಲೆಗೆ ಸೇರಿತು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳೂ ಆ ಜಿಲ್ಲೆಗೇ ಬಂದುವು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಅಂಗಡಿಯು ನಿಂತಲ್ಲಿಯೇ ನಿಂತಿದೆ, ವಿಳಾಸವು ಸಂಚರಿಸಿದೆ! ಹಳೆಯ ಜಿಲ್ಲೆಯ ಹೆಸರನ್ನು ಕಂಡ ದೂರದ ಗಿರಾಕಿಯು ಉಳಿದ ಮಾತನ್ನೂ ಸಂಶಯಿಸುವನು. ವಿಳಾಸ, ದೂರವಾಣಿ, ಅಂಗಡಿ ತೆರೆಯುವ ವೇಳೆ, ದರ, ಈ ನಾಲ್ಕನ್ನೂ ಆಗಾಗ ಪರೀಕ್ಷಿಸಿರಿ. ನಿತ್ಯವೂ ತಿದ್ದಲಾಗದುದನ್ನು ಬರೆಯಲೇಬೇಡಿರಿ. ಹಡಗಲಿಯ ಮಲ್ಲಿಗೆಯ ದರವು ದಿನದಿನಕ್ಕೂ ಏರಿಳಿಯುವುದು. ಹೂವಿನ ವ್ಯಾಪಾರಿಯು 'ಇಂದಿನ ದರಕ್ಕೆ ಫೋನು ಮಾಡಿರಿ' ಎಂದು ಬರೆದರೆ ಸಾಕು.

ಮೂರನೆಯದು: ಕನ್ನಡದಲ್ಲಿಯೂ ಬರೆಯಿರಿ, ಆದರೆ ಯೂನಿಕೋಡ್ ಅಕ್ಷರಗಳಲ್ಲಿ. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದುದನ್ನು ಹಾಗೆಯೇ ತಂದು ಅಂಟಿಸಿದರೆ ಓದುವವನಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುವುವು. ಏನನ್ನು ತಿದ್ದುವ ಮೊದಲೂ ಇಡೀ ತಾಣದ ಒಂದು ನಕಲನ್ನು ತೆಗೆದಿಟ್ಟುಕೊಳ್ಳಿರಿ.

'ಇದಕ್ಕೆಲ್ಲ ಪುರುಸೊತ್ತೆಲ್ಲಿ?' ಎಂದು ಕೆಲವರು ಆಕ್ಷೇಪಿಸಬಹುದು. ಅಮಾವಾಸ್ಯೆಯ ದಿನ ಅಂಗಡಿಯ ಪೂಜೆ ಮಾಡುವ ವಾಡಿಕೆ ನಮ್ಮ ಸೀಮೆಯಲ್ಲಿ ಉಂಟಷ್ಟೆ. ಮಂಗಳಾರತಿಯಾದ ಬಳಿಕ ಅರ್ಧ ಗಂಟೆ ತಾಣವನ್ನು ತೆರೆದು, ಹೊಸ ಗಿರಾಕಿಯ ಕಣ್ಣಿನಿಂದ ಓದಿರಿ. ತಿಂಗಳಿಗೆ ಅಷ್ಟು ಸಾಕು.

ನನ್ನ ಶಿಷ್ಯನು ಈಗ ಬೇರೊಂದು ಹೆಸರನ್ನು ತಾನೇ ನೋಂದಾಯಿಸಿಕೊಂಡಿದ್ದಾನೆ. ಲೆಕ್ಕ ಬರೆಯುವ ಅವನ ಹೆಂಡತಿಯೇ ತಾಣವನ್ನು ನೋಡಿಕೊಳ್ಳುತ್ತಾಳೆ. ಹಳೆಯ ಗಿರಾಕಿಗಳೆಲ್ಲರೂ ಇನ್ನೂ ಮರಳಿಲ್ಲ. ಹೋದ ತಿಂಗಳು ಅದನ್ನು ತೆರೆದು ನೋಡಿದಾಗ ಒಂದು ಕಾಗುಣಿತದ ತಪ್ಪು ಕಂಡಿತು. ಅಭ್ಯಾಸಬಲದಿಂದ ಕೂಡಲೇ ಫೋನು ಮಾಡಿ ತಿಳಿಸಿದೆನು. ನಾನು ಫೋನನ್ನು ಕೆಳಗಿಡುವುದರೊಳಗೆ ಆಕೆ ಅದನ್ನು ತಿದ್ದಿಬಿಟ್ಟಿದ್ದಳು.