ಗೃಹಸ್ಥರ ಪುಟ: ಮೂಗಿಗಿಂತ ಮೂಗುತಿ ಭಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎಚ್ಚರಿಸಿದ್ದರು. ಅವರ ಕಾಲದಲ್ಲಿ ಸಾಮಾನ್ಯ ಗೃಹಸ್ಥನು ಕಾರು ಕೊಳ್ಳುವ ಪ್ರಸಂಗವೇ ಇರಲಿಲ್ಲವಾದ್ದರಿಂದ ಆ ಗಾದೆಗೆ ಮೂರನೆಯ ಮಾತು ಸೇರಲಿಲ್ಲ. ಇಂದು ಸೇರಿಸಬಹುದು. ತಿಂಗಳ ಸಂಬಳದಲ್ಲಿ ಉಳಿಸಿ ಒಂದಿಷ್ಟು ಗಂಟು ಮಾಡಿಕೊಂಡ ಸಂಸಾರವು ಕಾರಿನ ಯೋಚನೆಗೆ ಕುಳಿತಿತೆಂದರೆ, ಮದುವೆಯ ಮಾತುಕತೆಯಲ್ಲಿ ನಡೆಯುವಷ್ಟೇ ಚರ್ಚೆ, ಅಷ್ಟೇ ಮುನಿಸು, ನೆಂಟರಿಷ್ಟರ ಅಷ್ಟೇ ಸಲಹೆ ಅಲ್ಲಿಯೂ ನಡೆಯುತ್ತದೆ.

ಬೆಂಗಳೂರಿನ ಜಯನಗರದಲ್ಲೋ ಮೈಸೂರಿನ ಸರಸ್ವತೀಪುರದಲ್ಲೋ ಇರುವ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಗಂಡಹೆಂಡಿರಿಬ್ಬರೂ ದುಡಿಯುವವರು, ಪಿ.ಯು.ಸಿ. ಓದುವ ಮಗಳು, ಶಾಲೆಗೆ ಹೋಗುವ ಮಗ, ಮಂಡಿನೋವಿನ ಅಜ್ಜಿ. ಕೈಯಲ್ಲಿರುವುದು 10 ಲಕ್ಷ ರೂಪಾಯಿ. ಆ ಹಣಕ್ಕೆ ಅಂಗಡಿಯಿಂದ ಹೊಸದಾಗಿ ಹೊರಬರುವ ಒಂದು ಸಣ್ಣ ಕಾರು ದೊರಕುತ್ತದೆ. ಅದೇ ಹಣಕ್ಕೆ, ಹತ್ತು ವರ್ಷದ ಹಿಂದೆ 50 ಲಕ್ಷಕ್ಕೆ ಮಾರಾಟವಾಗಿದ್ದ ಜರ್ಮನ್ ಹೆಸರಿನ ದೊಡ್ಡ ಕಾರೂ ಸೆಕೆಂಡ್ ಹ್ಯಾಂಡಿನಲ್ಲಿ ಬಂದಿದೆ. ಮೈಬಣ್ಣ ಇನ್ನೂ ಮಿರುಗುತ್ತಿದೆ. ಒಳಗೆ ಚರ್ಮದ ಆಸನಗಳು.

“ಐವತ್ತರ ಕಾರು ಹತ್ತಕ್ಕೆ ಸಿಗುತ್ತಿದೆ. ಈಗ ಬಿಟ್ಟರೆ ಮತ್ತೆ ಸಿಕ್ಕೀತೇ?” ಎಂಬುದು ಯಜಮಾನರ ವಾದ.

“ಐವತ್ತರದು ಹತ್ತಕ್ಕೆ ಏಕೆ ಇಳಿಯಿತು ಎಂದು ವಿಚಾರಿಸಿದಿರಾ?” ಎಂಬುದು ಗೃಹಿಣಿಯ ಪ್ರಶ್ನೆ.

ಯಜಮಾನರನ್ನು ಆಡಂಬರಪ್ರಿಯರೆಂದು ಹಳಿಯುವುದು ನ್ಯಾಯವಲ್ಲ. ಬಾಲ್ಯದಿಂದ ಬೀದಿಯಲ್ಲಿ ನಿಂತು ನೋಡಿದ ವಾಹನವೊಂದನ್ನು ಒಮ್ಮೆಯಾದರೂ ತನ್ನದೆಂದು ನಡೆಸಬೇಕೆಂಬ ಆಸೆ ಮನುಷ್ಯಸಹಜವಾದದ್ದು. ಆದರೆ ಗೃಹಿಣಿಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಮುಂಗಡ ಕೊಡುವುದು ಮಾತ್ರ ವಿವೇಕವಲ್ಲ.

ಹಳೆಯ ನಂಬಿಕೆಯ ಮೂಲ

ಕಾರು ಎಂದರೆ ಬೆಲೆ ಉಳಿಸಿಕೊಳ್ಳುವ ಆಸ್ತಿ ಎಂಬ ಭಾವನೆ ನಮ್ಮ ಹಿರಿಯ ತಲೆಮಾರಿನಲ್ಲಿ ಬಲವಾಗಿದೆ. ಅದಕ್ಕೆ ಕಾರಣವೂ ಉಂಟು. ಲೈಸೆನ್ಸುಗಳ ಆ ದಿನಗಳಲ್ಲಿ ಅಂಬಾಸಿಡರ್, ಫಿಯೆಟ್ ಕಾರುಗಳಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾಯಲಾರದವನು ಬೇರೊಬ್ಬರ ಕಾರಿಗೆ ಹೆಚ್ಚು ಹಣ ತೆತ್ತು ಕೊಳ್ಳುತ್ತಿದ್ದನು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಗ್ರಾಹಕರೊಬ್ಬರಿಗೆ ಒಪ್ಪಿಸಿದಂದಿನಿಂದ ಆ ಕಾಲ ಬದಲಾಯಿಸತೊಡಗಿತು. 1990ರ ದಶಕದ ಮಧ್ಯದಲ್ಲಿ ಮರ್ಸಿಡಿಸ್ ಬೆಂಜ್ ಪುಣೆಯಲ್ಲಿಯೂ, 2007ರಲ್ಲಿ ಬಿ.ಎಂ.ಡಬ್ಲ್ಯು. ಚೆನ್ನೈಯಲ್ಲಿಯೂ ಕಾರು ಜೋಡಿಸಲಾರಂಭಿಸಿದವು. ಅಂದು ಸಿರಿವಂತರು ಕೊಂಡ ಕಾರುಗಳೇ ಕೈ ಬದಲಾಯಿಸುತ್ತ ಇಂದು ಮಧ್ಯಮ ವರ್ಗದವರ ಮನೆಬಾಗಿಲಿಗೆ ಬರುತ್ತಿವೆ.

ಕಾರಿನ ಬೆಲೆ ಹೇಗೆ ಕರಗುತ್ತದೆ ಎಂಬುದಕ್ಕೆ ವಿಮಾ ಕಂಪನಿಗಳ ಕೋಷ್ಟಕವೇ ಸಾಕ್ಷಿ. ಒಂದು ವರ್ಷ ತುಂಬುವ ಹೊತ್ತಿಗೆ ಶೇಕಡ 15, ಎರಡನೆಯ ವರ್ಷದಲ್ಲಿ 20, ಮೂರನೆಯದರಲ್ಲಿ 30, ನಾಲ್ಕನೆಯದರಲ್ಲಿ 40, ಐದನೆಯದರಲ್ಲಿ 50ರಷ್ಟು ಸವಕಳಿಯನ್ನು ಅದು ಲೆಕ್ಕಹಾಕುತ್ತದೆ. 50 ಲಕ್ಷದ ಕಾರಿನಲ್ಲಿ ಈ ನಷ್ಟದ ಬಹುಭಾಗವನ್ನು ಮೊದಲನೆಯ ಧಣಿ ಆಗಲೇ ನುಂಗಿಕೊಂಡಿರುತ್ತಾನೆ. ಹಾಗಾಗಿ ಹಳೆಯ ಕಾರನ್ನು ಕೊಳ್ಳುವವನಿಗೆ ಲಾಭವಿದೆ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ.

ಹೊಸ ಕಾರಿನ ಕಡೆ ನೋಡಿದರೆ, ಅಂಗಡಿಯ ಬೆಲೆ 8 ಲಕ್ಷವೆಂದಾದರೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯೇ ಶೇಕಡ 14ರಂತೆ 1 ಲಕ್ಷ 12 ಸಾವಿರ ರೂಪಾಯಿ. ಅದರ ಮೇಲೆ ಉಪತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿ ಒಂಬತ್ತೂವರೆ ಲಕ್ಷದ ಸಮೀಪಕ್ಕೆ ಬರುತ್ತದೆ. ಇದೇ ರಾಜ್ಯದಲ್ಲಿ ನೋಂದಣಿಯಾದ ಹಳೆಯ ಕಾರಿಗೆ ಆ ತೆರಿಗೆಯನ್ನು ಮೊದಲನೆಯವನೇ ಕಟ್ಟಿರುತ್ತಾನೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದ ಕಾರಣ, ಹೊಸದನ್ನು ಕೊಳ್ಳುವವರ ಭಾರವೂ ತಕ್ಕಮಟ್ಟಿಗೆ ಹಗುರವಾಯಿತು.

ಬೆಲೆ ಇಳಿದರೂ ಇಳಿಯದ ಖರ್ಚು

ಇನ್ನು ಗೃಹಿಣಿಯ ಪ್ರಶ್ನೆಗೆ ಉತ್ತರ. ಹತ್ತು ವರ್ಷದಲ್ಲಿ ಕಾರಿನ ಬೆಲೆ ಐದನೆಯ ಒಂದು ಭಾಗಕ್ಕೆ ಇಳಿಯಬಹುದು. ಆದರೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹೆಡ್‌ಲೈಟು ಒಡೆದರೆ 50 ಲಕ್ಷದ ಕಾರಿನ ಹೆಡ್‌ಲೈಟನ್ನೇ ತರಬೇಕು. 10 ಲಕ್ಷದ ಕಾರಿನದು ಅದಕ್ಕೆ ಹೊಂದುವುದಿಲ್ಲ. ಸಿರಿವಂತರ ಕಾರು ಎಷ್ಟು ಕೈ ಬದಲಾಯಿಸಿದರೂ ತನ್ನ ಅಂತಸ್ತನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಅದರಲ್ಲಿಯೂ ಇಂಥ ಕಾರುಗಳ ಸುಖಕ್ಕೆ ಕಾರಣವಾದ ಅಂಗಗಳೇ ವಯಸ್ಸಾದಂತೆ ಮೊದಲು ಕೈಕೊಡುವಂಥವು. ಹಳ್ಳದಿಣ್ಣೆ ತಿಳಿಯದಂತೆ ಕಾರನ್ನು ತೇಲಿಸುವ ಏರ್ ಸಸ್ಪೆನ್ಷನ್ನಿನಲ್ಲಿರುವುದು ರಬ್ಬರಿನ ಚೀಲಗಳು. ಕಾರು ಓಡಲಿ ಬಿಡಲಿ, ರಬ್ಬರು ಕಾಲಕ್ರಮದಲ್ಲಿ ಬಿರಿಯುತ್ತದೆ. ತಾನಾಗಿ ಗೇರು ಬದಲಿಸುವ ಪೆಟ್ಟಿಗೆಯಲ್ಲಿ ಯಂತ್ರದ ಜೊತೆಗೆ ಎಲೆಕ್ಟ್ರಾನಿಕ್ ಮೆದುಳೂ ಇರುತ್ತದೆ. ಕೆಟ್ಟರೆ ಬೀದಿಯ ಮೆಕ್ಯಾನಿಕ್ಕನ ಸ್ಪ್ಯಾನರಿಗೆ ಅದು ಬಗ್ಗದು. ಈಚಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವಿರುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಓಡಿದಾಗ ಅದರ ಮಸಿ ತಾನೇ ಉರಿದು ಹೋಗುತ್ತದೆ. ಸಿಲ್ಕ್ ಬೋರ್ಡಿನ ಸಂದಣಿಯಲ್ಲಿ ದಿನವೂ ತೆವಳುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರುಗಳಿದ್ದು, ಆ ಕಾರಣಕ್ಕಾಗಿ ಸ್ಟೆಪ್ನಿಯೇ ಇರುವುದಿಲ್ಲ. ಇವುಗಳ ಜೊತೆಗೆ, ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಬಂಕುಗಳಲ್ಲಿ ಸಾಮಾನ್ಯವಾಗಿರುವಾಗ, 2023ರ ಏಪ್ರಿಲ್‌ಗೆ ಮುಂಚಿನ ಬಹಳಷ್ಟು ಕಾರುಗಳು ಆ ಮಿಶ್ರಣಕ್ಕೆಂದು ರೂಪಿತವಾದವಲ್ಲ ಎಂಬುದನ್ನೂ ನೆನಪಿಡಬೇಕು.

ವಿಮೆಯಿದೆಯಲ್ಲ ಎಂಬ ಸಮಾಧಾನವೂ ಪೂರ್ತಿ ನಿಲ್ಲದು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ, ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯು 1000ದಿಂದ 1500 ಸಿ.ಸಿ.ವರೆಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿಯಾದರೆ, 1500 ಸಿ.ಸಿ. ಮೀರಿದ್ದಕ್ಕೆ 7,897 ರೂಪಾಯಿ. ಅದು ಸಣ್ಣ ಮಾತು. ಕಾರಿಗೆ ಪೆಟ್ಟಾದಾಗ ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳ ಬೆಲೆಯಲ್ಲಿ ಅರ್ಧವನ್ನು ವಿಮೆಯವರು ಸವಕಳಿಯೆಂದು ಕಳೆಯುತ್ತಾರೆ. ಹೊಸ ಕಾರಿಗೆ ಹೆಚ್ಚು ಕಂತು ಕಟ್ಟಿ ಈ ಕಡಿತವನ್ನು ತಪ್ಪಿಸಿಕೊಳ್ಳಬಹುದು. ಹತ್ತು ವರ್ಷದ ಕಾರಿಗೆ ಆ ಸೌಲಭ್ಯ ಸಾಮಾನ್ಯವಾಗಿ ದೊರಕದು. ಯಂತ್ರ ತಾನಾಗಿ ಕೆಟ್ಟರಂತೂ ಸಾಧಾರಣ ವಿಮೆಗೂ ಅದಕ್ಕೂ ಸಂಬಂಧವಿಲ್ಲ; ಪೂರ್ತಿ ಖರ್ಚು ಧಣಿಯದೇ.

ಪ್ರಾಣರಕ್ಷಣೆಯ ಮಾತು

ದೊಡ್ಡ ಕಾರಿನ ಪರವಾಗಿ ಹಿಂದೆ ಇದ್ದ ಪ್ರಬಲ ವಾದವೆಂದರೆ ಭದ್ರತೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಢಿಕ್ಕಿ ಹೊಡೆಸಿ ಪರೀಕ್ಷಿಸಿದ ಭಾರತದ ಐದು ಸಣ್ಣ ಕಾರುಗಳಲ್ಲಿ ಒಂದಕ್ಕೂ ವಯಸ್ಕರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ದಕ್ಕಿರಲಿಲ್ಲ. ಆ ವಾದ ಈಗ ಹಿಂದಿನಷ್ಟು ಬಲವಾಗಿಲ್ಲ. 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಬ್ರೇಕು, 2022ರ ಆರಂಭದಿಂದ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದವು. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷಾಕ್ರಮ ಜಾರಿಗೆ ಬಂದಿತು. 2025ರಲ್ಲಿ ಆಲ್ಟೊ ಕೆ10ರಂಥ ಪುಟ್ಟ ಕಾರಿಗೂ ಆರು ಏರ್‌ಬ್ಯಾಗುಗಳು ಬಂದವು. ಹಾಗೆಂದು ಸಣ್ಣ ಕಾರುಗಳೆಲ್ಲ ಸಮಾನವಲ್ಲ. ಕೊಳ್ಳುವ ಮುನ್ನ ನಕ್ಷತ್ರಗಳನ್ನು ವಿಚಾರಿಸಬೇಕು. ಹಳೆಯ ಕಾರಿನಲ್ಲಿಯಾದರೋ, ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಆರುತ್ತದೆಯೇ ಎಂದು ಮೊದಲು ನೋಡಬೇಕು. ಹೊತ್ತದೆ ಇದ್ದರೆ, ಹಿಂದೊಮ್ಮೆ ಅಪಘಾತದಲ್ಲಿ ಬಿಚ್ಚಿಕೊಂಡ ಚೀಲವನ್ನು ಮತ್ತೆ ಹಾಕಿಸದೆ ದೀಪದ ತಂತಿಯನ್ನೇ ಕತ್ತರಿಸಿರಬಹುದು.

ಅಗ್ಗದ ಹಿಂದಿನ ಕಥೆ

ಕೆಲವು ಕಾರುಗಳು ಅಗ್ಗವಾಗುವುದಕ್ಕೆ ಬೇರೆ ಕಾರಣಗಳೂ ಉಂಟು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಸಂಚಾರಕ್ಕೆ ಹಾಕಿದ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2025ರಲ್ಲಿ ಅದರ ಬಿಗಿಯನ್ನು ಆ ನ್ಯಾಯಾಲಯವೇ ತುಸು ಸಡಿಲಿಸಿತು. ಅಲ್ಲಿ ಅವಧಿ ಮುಗಿಯುತ್ತ ಬಂದ ದೊಡ್ಡ ಕಾರುಗಳು ದಲ್ಲಾಳಿಗಳ ಮೂಲಕ ದಕ್ಷಿಣಕ್ಕೆ ಬಂದಿವೆ. ಅಂಥದಕ್ಕೆ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನೋಂದಣಿಯೂ ತೆರಿಗೆಯೂ ತಪ್ಪದು. ಯಾವ ಕಾರಿಗಾದರೂ ಮೊದಲ ನೋಂದಣಿಯ ಆಯುಷ್ಯ 15 ವರ್ಷ ಎಂಬುದನ್ನೂ ಮರೆಯಲಾಗದು.

ನೀರು ಕುಡಿದ ಕಾರುಗಳದು ಇನ್ನೊಂದು ಕಥೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಸುತ್ತಮುತ್ತ ಬೆಲೆಬಾಳುವ ಎಷ್ಟೋ ಕಾರುಗಳು ಮುಳುಗಿದವು. ಇಂಥವುಗಳಲ್ಲಿ ಕೆಲವು ತೊಳೆದು ಒರೆಸಿಕೊಂಡು ಮತ್ತೆ ಪೇಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣುವುದು, ಆಸನದ ಕೆಳಗಿನ ಕಂಬಿ ತುಕ್ಕು ಹಿಡಿದಿರುವುದು, ನೆಲಹಾಸಿನಡಿಯಿಂದ ಮುಗ್ಗಲು ವಾಸನೆ ಬರುವುದು, ಇವು ಅದರ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಮಾತು ಮುರಿದು ಎದ್ದು ಬರುವುದು ಲೇಸು.

ಹಾಗಾದರೆ ಹಳೆಯ ದೊಡ್ಡ ಕಾರನ್ನು ಯಾರೂ ಕೊಳ್ಳಬಾರದೇ? ಹಾಗೇನೂ ಇಲ್ಲ. ಮನೆಯಲ್ಲಿ ದಿನದ ಓಡಾಟಕ್ಕೆ ಬೇರೊಂದು ವಾಹನವಿದ್ದು, ದುರಸ್ತಿಯ ದಾಖಲೆ ಮೊದಲಿನಿಂದಲೂ ಸಿಕ್ಕು, ನಂಬಿಕೆಯ ಗ್ಯಾರೇಜಿನವರು ಕಂಪ್ಯೂಟರ್ ಹಚ್ಚಿ ತಪಾಸಣೆ ಮಾಡಿ ಒಪ್ಪಿದರೆ, ಅದು ಸುಖವನ್ನೇ ಕೊಡುತ್ತದೆ. ಸಾಲಮಾಡಿ ಕೊಳ್ಳುವವರು ಮಾತ್ರ ಹಳೆಯ ಕಾರಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹೆಚ್ಚು ಬಡ್ಡಿ ಹಾಕುತ್ತವೆಂಬುದನ್ನು ಮೊದಲೇ ತಿಳಿದಿರಬೇಕು. ಇವೆರಡರ ನಡುವೆ ಮೂರನೆಯ ದಾರಿಯೂ ಒಂದಿದೆ: ಮೂರು ನಾಲ್ಕು ವರ್ಷ ಓಡಿದ, ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ, ಮಧ್ಯಮ ದರ್ಜೆಯ ಕಾರು. ಸವಕಳಿಯ ಮೊದಲ ಪೆಟ್ಟನ್ನು ಬೇರೆಯವರು ತಿಂದಿರುತ್ತಾರೆ. ಅಜ್ಜಿಯ ಮಂಡಿಗೆ ಅನುಕೂಲವಾದ ಎತ್ತರದ ಆಸನವೂ ದೊರೆತೀತು.

ನಿರ್ಧಾರಕ್ಕೆ ಕುಳಿತ ದಂಪತಿಗಳು ಕಾರಿನ ಬೆಲೆಯನ್ನು ಬದಿಗಿಟ್ಟು ಒಂದೇ ಪ್ರಶ್ನೆಯನ್ನು ಪರಸ್ಪರ ಕೇಳಿಕೊಂಡರೆ ಸಾಕು: ಕೊಂಡ ಮೂರನೆಯ ತಿಂಗಳಲ್ಲಿ ಗೇರುಪೆಟ್ಟಿಗೆ ಕೆಟ್ಟು ಎರಡು ಲಕ್ಷ ರೂಪಾಯಿ ಬೇಕಾಯಿತೆಂದರೆ, ಆ ಹಣ ಎಲ್ಲಿಂದ ಬರುತ್ತದೆ? ಬೇರೆಯಾಗಿ ತೆಗೆದಿಟ್ಟ ಹಣದಿಂದ ಎಂದಾದರೆ ಯಜಮಾನರು ಧಾರಾಳವಾಗಿ ತಮ್ಮ ಆಸೆ ತೀರಿಸಿಕೊಳ್ಳಬಹುದು. ಮಗಳ ಕಾಲೇಜಿನ ಫೀಸಿನಿಂದ ಎಂಬುದು ಉತ್ತರವಾದರೆ, ಹೊಸ ಸಣ್ಣ ಕಾರೇ ಆ ಮನೆಗೆ ತಕ್ಕದ್ದು. ಅದರಲ್ಲಿ ಚರ್ಮದ ಆಸನವಿರದು. ಆದರೆ ಹಿಂದಿನ ಸೀಟಿನಲ್ಲಿ ಕುಳಿತ ಮಗಳು ನಿಶ್ಚಿಂತೆಯಿಂದ ಕಾಲೇಜಿಗೆ ಹೋಗಿಬರುತ್ತಾಳೆ.