ಸಿಂದಗಿಯ ರೈತನ ಶ್ವಾಸಕೋಶಕ್ಕೆ ಇಂಗ್ಲಿಷ್ ಬರುವುದಿಲ್ಲ!

ಕನ್ನಡದ ತರುಣರೇ,

ಬೆಂಗಳೂರಿನ ಅಂಗಡಿಗಳ ಬೋರ್ಡು ಕನ್ನಡದಲ್ಲಿರಲಿ ಎಂದು ನಾವು ಬೀದಿಗಿಳಿದಿದ್ದೇವೆ. ಸರಿಯೇ. ಆದರೆ ಬೋರ್ಡಿಗಿಂತ ದೊಡ್ಡದೊಂದು ಕಾಗದವಿದೆ. ಅದರಲ್ಲಿ ಮನುಷ್ಯನ ಆಯಸ್ಸಿನ ಲೆಕ್ಕವಿರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಿಂದ ಶ್ವಾಸಕೋಶದ ಕ್ಯಾನ್ಸರ್ ಹೊತ್ತು ಬರುವ ಬಡವನ ಕೈಗೆ ಆ ಕಾಗದ ಸಿಕ್ಕರೂ ಇಂಗ್ಲಿಷಿನಲ್ಲೇ ಸಿಗುತ್ತದೆ! ಅದೇ ಜೀನ್ ಪರೀಕ್ಷೆಯ ವರದಿ.

ಇದನ್ನೆಲ್ಲ ಕನ್ನಡದಲ್ಲಿ ಹೇಳಲಾಗದು ಎನ್ನುವ ಮಹಾಶಯರು ಸ್ವಲ್ಪ ಕೇಳಿಸಿಕೊಳ್ಳಲಿ. ಜೀವಕೋಶದ ಮೈಮೇಲೆ 'ಬೆಳೆ' ಎಂಬ ಆಜ್ಞೆ ಪಡೆಯುವ ಒಂದು ಸ್ವಿಚ್ಚು ಇದೆ. ಹೆಸರು ಇಜಿಎಫ್‌ಆರ್. ಆಜ್ಞೆ ಬಂದಾಗ ಹತ್ತಬೇಕು, ಕೆಲಸ ಮುಗಿದ ಮೇಲೆ ಆರಬೇಕು. ಗೆಡ್ಡೆಯ ಜೀನಿನಲ್ಲಿ ಕೆಲವು ಅಕ್ಷರ ತಪ್ಪಿದರೆ ಸ್ವಿಚ್ಚು ಆರುವುದೇ ಇಲ್ಲ. ಜೆಫಿಟಿನಿಬ್, ಎರ್ಲೋಟಿನಿಬ್ ಎಂಬ ಮಾತ್ರೆಗಳು ನೇರ ಆ ಸ್ವಿಚ್ಚಿಗೇ ಕೈ ಹಾಕುತ್ತವೆ. ಈ ರಹಸ್ಯ ವಿಜ್ಞಾನಿಗಳಿಗೆ ತಿಳಿದದ್ದು 2004ರಲ್ಲಿ. ಇಷ್ಟೇ ವಿಷಯ. ಎಲ್ಲಿ ತೊಡಕಾಯಿತು ಕನ್ನಡಕ್ಕೆ?

ಲೆಕ್ಕ ಬೇಕೇ? ಪೂರ್ವ ಏಷ್ಯಾದ 1,217 ರೋಗಿಗಳ 'ಐಪಾಸ್' ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಜೀನ್ ಬದಲಾದವರಲ್ಲಿ ಜೆಫಿಟಿನಿಬ್ ಮಾತ್ರೆಗೆ ನೂರಕ್ಕೆ 71 ಜನರ ಗೆಡ್ಡೆ ಕುಗ್ಗಿತು, ಕೀಮೋಥೆರಪಿಗೆ 47. ಬದಲಾಗದವರಲ್ಲಿ ಅದೇ ಮಾತ್ರೆಗೆ ಕುಗ್ಗಿದ್ದು ನೂರಕ್ಕೆ ಒಬ್ಬರದು! ಕೀಮೋಗೆ 23ಕ್ಕೂ ಹೆಚ್ಚು. ರೋಗ ಒಂದೇ, ಮಾತ್ರೆ ಒಂದೇ. ಒಬ್ಬರಿಗೆ ಉಸಿರು, ಇನ್ನೊಬ್ಬರಿಗೆ ದಂಡ. ಪರೀಕ್ಷೆ ಮಾಡದೆ ಮಾತ್ರೆ ಬರೆಯುವುದೂ ಅನ್ಯಾಯ, ಮಾತ್ರೆ ಫಲಿಸುವವರಿಗೆ ಅದರ ಸುದ್ದಿಯನ್ನೇ ಹೇಳದಿರುವುದೂ ಅನ್ಯಾಯ.

ಭಾರತದ ಅಧ್ಯಯನಗಳಲ್ಲಿ ಈ ಬದಲಾವಣೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಂಡಿದೆ. ಬೀಡಿ ಸಿಗರೇಟು ಮುಟ್ಟದವರಲ್ಲಿ, ಹೆಂಗಸರಲ್ಲಿ ಇನ್ನೂ ಹೆಚ್ಚು. 'ನಮ್ಮವ್ವ ಬೀಡಿ ಸೇದಿದಾಕಿ ಅಲ್ಲ, ಆಕಿಗೆ ಹೆಂಗ ಕ್ಯಾನ್ಸರ್?' ಎಂದು ಮನೆಯವರು ನಂಬದೆ ಕೂರುವುದುಂಟು. ಕೆಮ್ಮು ಬಂದರೆ ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಟಿಬಿ ಗುಳಿಗೆ ನುಂಗುವುದೂ ಉಂಟು. ಅಷ್ಟರಲ್ಲಿ ರೋಗ ಹಬ್ಬಿರುತ್ತದೆ.

ಮಾತ್ರೆ ರೋಗವನ್ನು ಬುಡಸಮೇತ ಕೀಳುವುದಿಲ್ಲ, ನಿಜ. ಆದರೆ ತಿಂಗಳುಗಳನ್ನು, ಕೆಲವರಿಗೆ ವರ್ಷಗಳನ್ನು ಕೊಡುತ್ತದೆ. ಆಮೇಲೆ ಗೆಡ್ಡೆ ಮತ್ತೆ ವೇಷ ಬದಲಿಸುತ್ತದೆ. ಈ ಹಳೆಯ ಮಾತ್ರೆಗಳಿಗೆ ಬಗ್ಗದಾದ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕಾಣುವುದು ಟಿ790ಎಂ ಎಂಬ ಹೊಸ ಬದಲಾವಣೆ. ಅದನ್ನೂ ಮಣಿಸುವ ಒಸಿಮರ್ಟಿನಿಬ್ ಬಂದಿದೆ. 2024ರ ಜುಲೈ ಬಜೆಟ್ಟಿನಲ್ಲಿ ಅದರ ಮೇಲಿನ ಆಮದು ಸುಂಕವನ್ನೂ ತೆಗೆದರು. ಔಷಧದ ಸುಂಕ ಹೋಯಿತು. ಇಂಗ್ಲಿಷ್ ಎಂಬ ಸುಂಕ ತೆಗೆಯುವವರಾರು?

1973ರಲ್ಲಿ ಹುಟ್ಟಿದ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ. ವಿಜಯಪುರದಿಂದ 500 ಕಿಲೋಮೀಟರಿಗೂ ಹೆಚ್ಚು ದೂರ. ಸೊಲ್ಲಾಪುರ, ಮಿರಜ ಹತ್ತಿರ. ಅಲ್ಲಿ ಮರಾಠಿಯೂ ಅಡ್ಡ. ಬಡವ ಎಲ್ಲಿ ಹೋದರೂ ತನ್ನ ರೋಗದ ಮಾತು ತನಗೇ ತಿಳಿಯದ ಪರದೇಶಿ! ರಾಜಭಾಷಾ ಕಾಯ್ದೆ ಬಂದದ್ದು 1963ರಲ್ಲಿ. ಇಷ್ಟು ವರ್ಷವಾದರೂ ಅದು ಆಸ್ಪತ್ರೆಯ ಹೊಸ್ತಿಲು ದಾಟಿಲ್ಲವೇಕೆ?

ಬಸವಣ್ಣ ಹುಟ್ಟಿದ ನೆಲ ಬಾಗೇವಾಡಿ. ದೇವರ ಮಾತೇ 12ನೇ ಶತಮಾನದಲ್ಲಿ ಕನ್ನಡಕ್ಕೆ ಬಂತು. ಡಾಕ್ಟರ ಮಾತು ಬರಲಾರದೇ? ವೈದ್ಯೆ ಅನುಪಮಾ ನಿರಂಜನ 'ತಾಯಿ-ಮಗು' ಬರೆದು ಮನೆಮನೆಗೆ ವೈದ್ಯವನ್ನು ಕನ್ನಡದಲ್ಲೇ ಮುಟ್ಟಿಸಲಿಲ್ಲವೇ?

ನಮ್ಮ ಹಕ್ಕೊತ್ತಾಯ ಮೂರು:

1. ಜೀನ್ ವರದಿಯ ಜೊತೆ ಒಂದು ಪುಟದ ಕನ್ನಡ ವಿವರಣೆ ಕಡ್ಡಾಯವಾಗಲಿ: ಯಾವ ಬದಲಾವಣೆ, ಯಾವ ಮಾತ್ರೆ, ಮುಂದೇನು.

2. ಬಯಾಪ್ಸಿಯ ಚೂರು ಪ್ರಯಾಣ ಮಾಡಲಿ, ರೋಗಿಯಲ್ಲ. ವಿಜಯಪುರದಲ್ಲೇ ತೆಗೆದ ಚೂರನ್ನು ಸರ್ಕಾರವೇ ಪ್ರಯೋಗಾಲಯಕ್ಕೆ ಕಳಿಸಲಿ.

3. ಬಡವರ ಪರೀಕ್ಷೆಯ ಖರ್ಚನ್ನು ಸರ್ಕಾರ ಹೊರಲಿ. ಫಲಿಸದ ಮಾತ್ರೆಗೆ ಹಣ ಸುರಿಯುವುದಕ್ಕಿಂತ ಇದು ಮೇಲು.

ಬೆಂಗಳೂರಿನ ಗೆಳೆಯರೇ, ವೈದ್ಯಕೀಯ ಓದುವವರು, ಲ್ಯಾಬುಗಳಲ್ಲಿ ದುಡಿಯುವವರು ನಿಮ್ಮಲ್ಲೇ ಇದ್ದೀರಿ. ಆ ಒಂದು ಪುಟವನ್ನು ಬರೆಯಬೇಕಾದವರು ನೀವೇ. ಕಪ್ಪು ಮಸಿ ಬಳಿಯುವ ಕೈ ಬೇಕಾದಷ್ಟಿವೆ. ಕಪ್ಪು ಮಸಿಯಲ್ಲಿ ಕನ್ನಡ ಬರೆಯುವ ಕೈ ಬೇಕಾಗಿವೆ. ಏಳಿ!