ಈ ರಾಗ ಯಾರದು ತಾತ?

ಮಕ್ಕಳೇ, ಲಿಂಗಸುಗೂರಿನ ನನ್ನ ಮಗಳ ಮನೆಯಲ್ಲಿ ಮೊನ್ನೆ ಕೂಸಿನ ತೊಟ್ಟಿಲ ಕಾರ್ಯ. ಸಿಂಧನೂರಿನಿಂದ ಹೊರಡುವ ಹಿಂದಿನ ದಿನ, ಏಳನೇ ತರಗತಿಯ ನನ್ನ ಮೊಮ್ಮಗ ಫೋನ್ ಹಿಡಿದು ಓಡಿಬಂದ. ಪುಟ್ಟ ತಂಗಿಗೆ ಜೋಗುಳ ಮಾಡಿಸಿದ್ದಾನಂತೆ! ಕನ್ನಡದಲ್ಲಿರಲಿ, ಮೆಲ್ಲಗಿರಲಿ, ಕೊಳಲು ಇರಲಿ ಎಂದು ಬರೆದನಂತೆ. ಸ್ವಲ್ಪ ಹೊತ್ತಿನಲ್ಲೇ ಹಾಡು ಸಿದ್ಧ.

ಕೇಳಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಮೂವತ್ತು ವರ್ಷ ಭಜನೆಗೆ ಹಾರ್ಮೋನಿಯಂ ನುಡಿಸಿದವನು ನಾನು. ಆದರೂ ಇದು ಇಂಥ ಹಾಡಿನ ಧಾಟಿ ಎಂದು ಹೇಳಲು ಆಗಲಿಲ್ಲ.

"ಹಂಗಾದ್ರ ಹೊಸಾದೇ ಅಲ್ಲೇನು ತಾತ? ಯಾರು ಮಾಡಿದ್ದು ಅಂತ ಕೇಳಿದ್ರ ನನ್ನ ಹೆಸರು ಹೇಳ್ಲಾ?"

ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಾವು ಏಣಿ ಆಟದ ದಾಳ ತಾ ಎಂದೆ.

ನೀವೂ ಆಡಿ ನೋಡಿ. ದಾಳದ 1 ಎಂದರೆ ಸ, 2 ರಿ, 3 ಗ, 4 ಪ, 5 ಧ, 6 ಮೇಲಿನ ಸ. ಭೂಪ ರಾಗದ ಸ್ವರಗಳಿವು, ಮೋಹನ ಎಂದರೂ ಸರಿಯೇ. ಸಾಲಿಗೆ 8 ಸ್ವರ. ಮೊದಲನೆಯದೂ ಕೊನೆಯದೂ ಕೆಳಗಿನ ಸ. ನಡುವಿನ 6 ಸ್ವರಗಳಿಗೆ ದಾಳ ಎಸೆಯಿರಿ. ನಡುವೆ ಒಂದಕ್ಕಿಂತ ಹೆಚ್ಚು ಸ್ವರ ಬಿಟ್ಟು ಹಾರಿದರೆ ಆ ಎಸೆತ ರದ್ದು. ನಮ್ಮ ಮೊದಲ ನಾಲ್ಕು ಸಾಲು ಮುಗ್ಗರಿಸಿದವು. ಐದನೆಯದನ್ನು ಹಾರ್ಮೋನಿಯಂನಲ್ಲಿ ನುಡಿಸಿದಾಗ ಹುಡುಗನ ಕಣ್ಣು ಅರಳಿತು. ರದ್ದು ಮಾಡುವ ನಿಯಮ ಕೈಬಿಟ್ಟರೆ ಇಂಥ ಸಾಲು 46,656 ಆಗುತ್ತವೆ. ಹೊಸದು ಎಂಬುದು ಅಷ್ಟೇನೂ ದುಬಾರಿ ಅಲ್ಲ, ನೋಡಿ.

ಕಂಪ್ಯೂಟರ್ ಸಂಗೀತ ಕಟ್ಟಲು ಕಲಿತದ್ದೂ ಹೀಗೆಯೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರೆನ್ ಹಿಲರ್ ಮತ್ತು ಲೆನಾರ್ಡ್ ಐಸಾಕ್ಸನ್ ಎಂಬಿಬ್ಬರು ಇಲಿಯಾಕ್ ಎಂಬ ಯಂತ್ರದಿಂದ ನಾಲ್ಕು ತಂತಿವಾದ್ಯಗಳಿಗೆ ಸಂಗೀತ ಬರೆಸಿದರು. 1957ರ ಆ ಕೃತಿಯ ಹೆಸರು ಇಲಿಯಾಕ್ ಸೂಟ್. ಹಿಲರ್ ರಸಾಯನಶಾಸ್ತ್ರದವರು ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಯಂತ್ರ ನಮ್ಮ ದಾಳದ ಹಾಗೆ ಸಂಖ್ಯೆ ಎಸೆಯುತ್ತಿತ್ತು, ನಿಯಮಕ್ಕೆ ಒಗ್ಗದ್ದನ್ನು ಬಿಡುತ್ತಿತ್ತು.

ಈಗಿನ ತಂತ್ರಾಂಶದ ದಾರಿ ಬೇರೆ. ಜನ ಹಾಡಿಟ್ಟ ರಾಶಿ ರಾಶಿ ಹಾಡು ಕೇಳಿಸಿದರೆ, ಯಾವುದರ ನಂತರ ಯಾವುದು ಬರುವುದು ವಾಡಿಕೆ ಎಂಬ ಲೆಕ್ಕವನ್ನು ಅದೇ ಹಿಡಿಯುತ್ತದೆ. ನಮ್ಮ ಹಾಡುಗಳನ್ನು ನಮ್ಮನ್ನು ಕೇಳದೆ ಬಳಸಿದಿರಿ ಎಂದು ಅಮೆರಿಕದ ದೊಡ್ಡ ಧ್ವನಿಮುದ್ರಣ ಕಂಪನಿಗಳು 2024ರಲ್ಲಿ ನ್ಯಾಯಾಲಯಕ್ಕೂ ಹೋದವು.

ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲವೇ ಎಂದರೆ, 1997ರ ಕಥೆ ಕೇಳಿ. ಆರೆಗಾನ್ ವಿಶ್ವವಿದ್ಯಾಲಯದ ಸಭೆಯಲ್ಲಿ ಮೂರು ಪಿಯಾನೊ ಕೃತಿ ನುಡಿಸಿದರು. ಒಂದು ಮಹಾನ್ ಸಂಗೀತಗಾರ ಬಾಖ್‌ನದು, ಒಂದು ಅಲ್ಲಿನ ಪ್ರಾಧ್ಯಾಪಕ ಸ್ಟೀವ್ ಲಾರ್ಸನ್ ಅವರದು, ಇನ್ನೊಂದು ಡೇವಿಡ್ ಕೋಪ್ ಅವರ ತಂತ್ರಾಂಶ ಬಾಖ್ ಶೈಲಿಯಲ್ಲಿ ಕಟ್ಟಿದ್ದು. ಸಭಿಕರು ತಂತ್ರಾಂಶದ್ದನ್ನು ಬಾಖ್‌ನದೆಂದರು. ಪಾಪ, ಪ್ರಾಧ್ಯಾಪಕರು ಬರೆದದ್ದನ್ನು ಕಂಪ್ಯೂಟರಿನದೆಂದರು!

ಮರುದಿನ ಬಸ್ಸು ಮಸ್ಕಿಗೆ ಬಂತು. ಅಶೋಕನ ಹೆಸರೇ ಇರುವ ಬಂಡೆ ಶಾಸನದ ಊರು. ಬೇರೆ ಕಡೆ ಬಹುತೇಕ ದೇವಾನಾಂಪ್ರಿಯ ಎಂದಷ್ಟೇ ಇದೆ. "ನೋಡ್ರಿ ತಾತ, ರಾಜನೂ ಹೆಸರು ಹಾಕ್ಯಾನ" ಎಂದ ಹುಡುಗ.

ಅಲ್ಲಿ ನಮ್ಮಕ್ಕ ಬಸ್ ಹತ್ತಿದಳು. ವಯಸ್ಸು ಎಂಬತ್ತೆರಡು. ನಮ್ಮ ಮನೆತನದ ಎಲ್ಲ ತೊಟ್ಟಿಲಿಗೂ ಅವಳದೇ ಪದ. ಈಚೆಗೆ ಎರಡು ನುಡಿ ಹಾಡಿದರೆ ಏದುಸಿರು. ಅಜ್ಜಿಗೆ ತ್ರಾಸ ಆಗಬಾರದು ಅಂತಲೇ ಹುಡುಗ ಫೋನಿನಲ್ಲಿ ಹಾಡು ಮಾಡಿಸಿದ್ದು ಎಂದು ನನಗೆ ಗೊತ್ತಾದದ್ದು ಬಸ್ಸಿನಲ್ಲೇ.

ಅಕ್ಕ ಫೋನು ಕಿವಿಗಿಟ್ಟುಕೊಂಡು ಪೂರ್ತಿ ಕೇಳಿದಳು. "ಚಂದ ಐತಿ. ಆದ್ರ ಇದು ಯಾರ ಮನೀ ಕೂಸಿಗೆ?"

ಅವಳ ಧಾಟಿ ಹೊಸದಲ್ಲವೇ ಅಲ್ಲ. ಅವ್ವನದು, ಅವ್ವನಿಗೆ ಅವರವ್ವ ಕಲಿಸಿದ್ದು. ಪದ ಮಾತ್ರ ಪ್ರತಿ ತೊಟ್ಟಿಲಿಗೂ ಬೇರೆ. ಅಂದು ಹಟ್ಟಿ ಚಿನ್ನದ ಗಣಿಯ ರಾತ್ರಿ ಪಾಳಿ ಮುಗಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನಿಂತಿದ್ದ ಅಳಿಯನನ್ನು ಪದದೊಳಗೆ ಸೇರಿಸಿಬಿಟ್ಟಳು. ಅವನು ನಾಚಿ ಬಾಗಿಲ ಹಿಂದೆ ಸರಿದ. ಮೂರನೇ ನುಡಿಗೆ ಉಸಿರು ಸಾಲಲಿಲ್ಲ. ತೊಟ್ಟಿಲ ಹಗ್ಗ ಹುಡುಗನ ಕೈಗಿಟ್ಟಳು.

ಫೋನು ಅವನ ಜೇಬಿನಲ್ಲೇ ಇತ್ತು. ಅವನು ತೆಗೆಯಲಿಲ್ಲ. ಅಜ್ಜಿಯ ಧಾಟಿಯಲ್ಲೇ, ಸಿಂಧನೂರು ಬಸ್ಸಿನಲ್ಲಿ ಬಂದ ಅಣ್ಣನ ಬಗ್ಗೆ ತಾನೇ ಒಂದು ನುಡಿ ಕಟ್ಟಿದ. ತಾಳ ತಪ್ಪಿತು. ಕೂಸು ಜೋರಾಗಿ ಅಳತೊಡಗಿತು. ಕೊನೆಗೆ ಫೋನಿನ ಕೊಳಲಿಗೇ ಮಲಗಿತು ಅನ್ನಿ!

ವಾಪಸ್ ಬರುವಾಗ ಅವನು ಫೋನಿನಲ್ಲಿ ಎರಡು ಹಾಡಿಗೂ ಹೆಸರು ಹಾಕುತ್ತಿದ್ದ. ಇಣುಕಿ ನೋಡಿದೆ. ಒಂದಕ್ಕೆ "ಕಟ್ಟಿದ್ದು ಫೋನು, ಆರಿಸಿದ್ದು ನಾನು" ಎಂದಿತ್ತು. ಇನ್ನೊಂದಕ್ಕೆ "ಮಸ್ಕಿ ಅಜ್ಜಿ ಪದ, ಮೂರನೇ ನುಡಿ ನನ್ನದು."